ಕಿಣ್ವಕ್ಕೆ ಬಗ್ಗದ ಕೋಡುಬಳೆ

ಶನಿವಾರ ಬೆಳಿಗ್ಗೆ ಡ್ರೈವ್‌ವೇಯಲ್ಲಿದ್ದ ಎಲೆ ಗುಡಿಸಿದೆ. ರೀಸೈಕ್ಲಿಂಗ್ ಡಬ್ಬ ಒಳಗೆ ತಂದಿಟ್ಟೆ. ಬಟ್ಟೆ ಒಗೆದು ಮಡಚಿದೆ. ಸಾರಿಗೆ ಬೇಳೆ ಬೇಯಿಸಿಟ್ಟೆ. ಆಮೇಲೆ ವಿಜ್ಞಾನದ ಸೇವೆಗೆಂದು ಕೋಡುಬಳೆ ಕರಿದೆ.

ನನ್ನ ಹೆಂಡತಿ ವಸುಧಾ ಬ್ಯಾಕ್ಟೀರಿಯಾದ ಒಂದು ಕಿಣ್ವದ ಮೇಲೆ, ಅಂದರೆ ಎನ್‌ಜೈಮ್ ಮೇಲೆ, ಸಂಶೋಧನೆ ಮಾಡುತ್ತಾಳೆ. ನಾವಿರುವ ಓಲ್ಡ್ ಬ್ರಿಡ್ಜ್ ಊರಿನ ಕನ್ನಡದವರಿಗೆ ಮಾತ್ರ ಅವಳು ಇಷ್ಟು ವರ್ಷವಾದರೂ ‘ಬ್ಲಡ್ ಟೆಸ್ಟ್ ಮಾಡೋರು’. ಸಿಕ್ಕಲ್ಲೆಲ್ಲ ಶುಗರ್ ರಿಪೋರ್ಟ್ ತೋರಿಸುತ್ತಾರೆ. ಅವತ್ತು ಸಂಜೆ ಕನ್ನಡ ಶಾಲೆಯ ಕಾರ್ಯಕ್ರಮದಲ್ಲಿ ಅವಳಿಗೆ ಹತ್ತು ನಿಮಿಷ ಕೊಟ್ಟಿದ್ದರು. ತನ್ನ ಕೆಲಸ ಏನೆಂದು ಮೊದಲ ಸಲ ಕನ್ನಡದಲ್ಲಿ ಹೇಳುವ ಅವಕಾಶ. ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ನಡೆದಿತ್ತು.

"ನೋಡ್ರೀ, ಬ್ಯಾಕ್ಟೀರಿಯಾದೊಳಗೆ ಉಂಗುರದ ಆಕಾರದ ಒಂದು ಅಣು ಇರುತ್ತೆ. ಅದು ಹೆಚ್ಚಾದರೆ ‘ಅಂಟಿಕೊಂಡಿರಿ’ ಅಂತ ಸಂದೇಶ. ಎಲ್ಲ ಒಂದಕ್ಕೊಂದು ಅಂಟಿ ಲೋಳೆ ಕಟ್ಟುತ್ತವೆ. ನಮ್ಮ ಕಿಣ್ವ ಆ ಉಂಗುರ ಮುರಿಯುತ್ತೆ. ಸಂದೇಶ ಹೋಯ್ತು, ಕೈಬಿಟ್ಟು ಚದುರುತ್ತವೆ."

"ಉಂಗುರ ತಾನೆ? ಕೋಡುಬಳೆ ಇದೆಯಲ್ಲ. ನಾನೇ ಮಾಡ್ತೀನಿ, ನಾನೇ ಮುರೀತೀನಿ."

"ಹಿಟ್ಟಿಗೆ ಬಿಸಿ ಎಣ್ಣೆ ಹಾಕೋದು ಮರೀಬೇಡಿ, ಇಲ್ಲಾಂದ್ರೆ ಗರಿಗರಿ ಆಗಲ್ಲ."

ಮರೆಯಲಿಲ್ಲ. ದಂಪತಿಗಳ ಕೊಲೆಸ್ಟ್ರಾಲ್ ಹಿತದೃಷ್ಟಿಯಿಂದ ಸದರಿ ಎಣ್ಣೆಯನ್ನು ಕೈಬಿಡಲು ತೀರ್ಮಾನಿಸಿದೆ. ಹಿಂದಿನ ಸಾಲಿಗೂ ಕಾಣಲೆಂದು ಹೆಬ್ಬೆರಳ ದಪ್ಪ ಹೊಸೆದೆ. ಆಮೇಲೆ ಬಾಣಲೆ ತುಂಬ ಎಣ್ಣೆಯಲ್ಲಿ ಕರಿದೆ.

ಸಂಜೆ ವೇದಿಕೆಯ ಮೇಲೆ ಮಕ್ಕಳೇ ಬ್ಯಾಕ್ಟೀರಿಯಾ. ಕೈಕೈ ಹಿಡಿದು ನಿಂತರು. ಕೋಡುಬಳೆ ಮುರಿದೊಡನೆ ಕೈಬಿಟ್ಟು ಓಡಬೇಕು. ಕಿಣ್ವದ ಪಾತ್ರದಲ್ಲಿ ನಾನು, ಇಸ್ತ್ರಿ ಮಾಡಿದ ಜುಬ್ಬದಲ್ಲಿ.

"ಈಗ ಕಿಣ್ವ ಬಂತು," ಎಂದಳು ವಸುಧಾ.

ಬಂದೆ. ಕೋಡುಬಳೆ ಎತ್ತಿ ತೋರಿಸಿ ಒತ್ತಿದೆ. ಮುರಿಯಲಿಲ್ಲ. ಮಂಡಿಗೆ ಕೊಟ್ಟು ಒತ್ತಿದೆ. ಮಂಡಿ ನೋಯಿತು. ಮೇಜಿನ ಅಂಚಿಗೆ ಕುಟ್ಟಿದೆ. ಮೇಜಿನ ಚಕ್ಕೆ ಹಾರಿತು. ಡಬ್ಬದಿಂದ ಇನ್ನೊಂದು ತೆಗೆದೆ. ಅದೂ ಅದೇ ವಂಶದ್ದು. ಕೊನೆಗೆ ಕಚ್ಚಿದೆ. ಕಟ್ ಎಂದು ಸದ್ದಾಯಿತು, ಸಭೆ ಚಪ್ಪಾಳೆ ತಟ್ಟಿತು. ಮುರಿದದ್ದು ನನ್ನ ದವಡೆ ಹಲ್ಲಿನ ಕ್ಯಾಪ್!

"ಅಂಕಲ್, ಕ್ಯಾನ್ ವಿ ಲೆಟ್ ಗೋ ನೌ?" ಎಂದಿತು ಒಂದು ಬ್ಯಾಕ್ಟೀರಿಯಾ.

ಮುಂದಿನ ಸಾಲಿನಲ್ಲಿದ್ದ ಧಾರವಾಡದ ಗಿರಿಜಕ್ಕ, "ಅದಕ್ಕ ಎನ್‌ಜೈಮ್ ಸಾಲಂಗಿಲ್ರೀ ಸರ, ಸುತ್ತಿಗಿ ಬೇಕು," ಎಂದರು.

ವಸುಧಾಳ ಹತ್ತು ನಿಮಿಷವನ್ನೆಲ್ಲ ನಾನು ಅಗಿದುಬಿಟ್ಟಿದ್ದೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ನಿಧಾನವಾಗಿ ಮೈಕ್ ಹತ್ತಿರ ಬಂದಳು.

"ಮಕ್ಕಳೇ, ಕೈ ಬಿಡಬೇಡಿ. ಲ್ಯಾಬಿನಲ್ಲಿ ನಾವು ಬೇಕಂತಲೇ ಒಂದು ಕೆಟ್ಟ ಕಿಣ್ವ ಮಾಡಿಟ್ಟುಕೊಳ್ತೀವಿ. ಅದು ಉಂಗುರ ಹಿಡ್ಕೊಳ್ಳುತ್ತೆ, ಮುರಿಯೋಕೆ ಮಾತ್ರ ಬರಲ್ಲ. ಹಾಗಾಗಿ ಯಾರೂ ಚದುರಲ್ಲ. ಒಳ್ಳೇ ಕಿಣ್ವದ ಬೆಲೆ ಗೊತ್ತಾಗೋದು ಅದರಿಂದಲೇ. ನೋಡೋಕೆ ಹೇಗಿರುತ್ತೆ ಅಂದರೆ..." ಎಂದು ನನ್ನ ಕಡೆ ಕೈ ತೋರಿಸಿದಳು.

ಸಭೆಗೆ ಪೂರ್ತಿ ಅರ್ಥವಾಯಿತು.

ಹೊರಡುವಾಗ ಗಿರಿಜಕ್ಕ ಶುಗರ್ ರಿಪೋರ್ಟ್ ತೆಗೆಯಲಿಲ್ಲ. "ನಿಮ್ಮ ಉಂಗುರ ಮುರಿಯೋ ಕೆಲಸ ಭಾಳ ಚಲೋ ಐತ್ರೀ," ಎಂದವರು ನನ್ನನ್ನು ನೋಡಿ, "ಇವರನ್ನೂ ಲ್ಯಾಬಿನಾಗ ಇಟ್ಟೀರೇನು?" ಎಂದರು.

"ಇಲ್ಲ ಗಿರಿಜಕ್ಕ, ಮನೇಲೇ ಇಟ್ಕೊಂಡಿದೀನಿ."

ರಾತ್ರಿ ಊಟಕ್ಕೆ ಅನ್ನ, ಸಾರು. ಅವಳು ಕರಕರ ಹಪ್ಪಳ ಕಡಿದಳು. ನಾನು ಒಂದೇ ಪಕ್ಕದಲ್ಲಿ ಅನ್ನ ಅಗಿದೆ. ಉಳಿದ ಬಿಸಿ ಸಾರಿಗೆ ಒಂದು ಕೋಡುಬಳೆ ಹಾಕಿ ನೆನೆಯಲು ಬಿಟ್ಟೆ. ವಸುಧಾ ಮೊದಲು ಮಲಗಿದಳು. ದೀಪ ಆರಿಸುವ ಮುಂಚೆ ನಾನು ಅದನ್ನು ಚಮಚದಿಂದ ತಟ್ಟಿ ನೋಡಿದೆ.

ಟಣ್ ಎಂದಿತು.