ಕೂಸಿನ ತೂಕದ ಬೆಲ್ಲ

ಎಲ್ಲ ಎಡವಟ್ಟಿಗೂ ಕಾರಣ ಒಂದು ಕಬ್ಬಿಣದ ಕೊಕ್ಕೆ. ಮಕ್ಕಳನ್ನು ತೂಗಲೆಂದು ಬೆಸಗರಹಳ್ಳಿಯ ಶಿಶು ಕಲ್ಯಾಣ ಕೇಂದ್ರಕ್ಕೆ ಬಂದಿದ್ದ ಸ್ಪ್ರಿಂಗ್ ತಕ್ಕಡಿಯ ತುದಿಯಲ್ಲಿ ಅದು ನೇತಾಡುತ್ತಿತ್ತು. ಥೇಟ್ ಮಾಂಸದ ಅಂಗಡಿಯ ಕೊಕ್ಕೆ. ಕಳಿಸಿದ ಪುಣ್ಯಾತ್ಮರಿಗೆ ಅದು ಹೊಳೆಯಬೇಡವೆ?

ಕೇಂದ್ರದ ಗುಮಾಸ್ತ ಸಂಪತ್ ಕುಮಾರ ಅದನ್ನು ಹೊಂಗೆ ಮರದ ಕೊಂಬೆಗೆ ಕಟ್ಟಿ ಬೆಳಗಿನಿಂದ ಕಾಯುತ್ತಿದ್ದ. ಅವನ ಹೆಂಡತಿ ರಂಗನಾಯಕಿ ಚೊಚ್ಚಲ ಹೆರಿಗೆಗೆ ಮಂಡ್ಯದ ತವರಿಗೆ ಹೋಗಿದ್ದಳು, ದಿನ ತುಂಬಿತ್ತು. ಇವನಿಗೆ ಮಂಡ್ಯಕ್ಕೆ ವರ್ಗ ಬೇಕಿತ್ತು. ಅದನ್ನು ಕೊಡಬೇಕಾದ ಮೇಲಧಿಕಾರಿ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು: "ಮಧ್ಯಾಹ್ನ ನಾನು ಬರೋ ಹೊತ್ತಿಗೆ ಊರಿನ ಕೂಸುಗಳನ್ನೆಲ್ಲ ತೂಗಿರಬೇಕು. ವರ್ಗದ ಆರ್ಡರು ಜೀಪಲ್ಲೇ ತರ್ತೀನಿ. ಆಗ್ಲಿಲ್ವೋ, ಮುಂದಿನ ವರ್ಷ ನೋಡೋಣ."

ಕೇಂದ್ರದಲ್ಲಿ ಹಂಚುವ ಹಾಲಿನ ಪುಡಿಗೆಂದು ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡ ಚಿಕ್ಕಮಾದಮ್ಮ. ಕೊಕ್ಕೆ ನೋಡಿದವಳೇ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು.

"ಇದೇನ್ ಅಯ್ನೋರೆ, ಕುರಿಮರಿ ನೇತಾಕ್ದಂಗೆ ನಮ್ಮ ಐಕಳ ನೇತಾಕೀರಾ?"

"ಜೋಳಿಗೆ ಕಟ್ಟಿ ಕೂರಿಸ್ತೀನಿ ಅಜ್ಜಿ."

"ಅದಿರ್ಲಿ, ಬೆಳೆಯೋ ಕೂಸ ಇಷ್ಟು ತೂಕ ಅಂತ ಬಾಯ್ಬುಟ್ಟು ಏಳ್ಬೌದಾ? ದಿಷ್ಟಿ ಆಯ್ತದೆ! ಸಂಜೆಗೆ ಮೊಲೆ ಕಚ್ಚಕಿಲ್ಲ."

ಸಂಪತ್ ಕುಮಾರನಿಗೆ ರೇಗಿತು. "ಓದಿದೋರ ಮನೇಲಿ ಇದೆಲ್ಲ ಇಲ್ಲ ಕಣಜ್ಜಿ. ನಮ್ಮತ್ತೆ ತಿರುಮಲಮ್ಮ ಸ್ಕೂಲು ಮೇಡಮ್ಮು. ನಮ್ಮ ಮಗು ಹುಟ್ಟಿದ ಗಳಿಗೇಲೇ ತೂಗಿಸ್ತಾರೆ, ನೋಡ್ತಿರಿ!"

"ಮೊದ್ಲು ಅದ ತೂಗಿ, ಆಮೇಕೆ ನಮ್ಮತ್ರ ಬನ್ನಿ."

ಹೆಂಗಸರು ನಕ್ಕರು. ಏನೂ ಆಗುವುದಿಲ್ಲವೆಂದು ತೋರಿಸಲು ಸಂಪತ್ ಕುಮಾರ ತಾನೇ ಜೋಳಿಗೆಯೊಳಗೆ ಕೂತ. ಕೂಸಿನ ತಕ್ಕಡಿ ಗುಮಾಸ್ತನನ್ನು ಹೊರುತ್ತದೆಯೆ? ಸ್ಪ್ರಿಂಗು ಹಸಿ ಶಾವಿಗೆಯಂತೆ ಜಗ್ಗಿ ಕಿತ್ತುಕೊಂಡಿತು. ಗುಮಾಸ್ತ ಮಾಗಿದ ಹಲಸಿನ ಹಣ್ಣಿನಂತೆ ದೊಪ್ಪನೆ ಬಿದ್ದ. ನಕ್ಕೂ ನಕ್ಕೂ ಹೆಂಗಸರಿಗೆ ಪಕ್ಕೆ ಹಿಡಿಯಿತು.

ಸೊಂಟ ನೀವಿಕೊಳ್ಳುತ್ತ ಅವನು ತಕ್ಕಡಿ ಬೇಡಲು ಮುದ್ದಯ್ಯನ ಆಲೆಮನೆಗೆ ಓಡಿದ. ಅಲ್ಲಿ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಬೆಲ್ಲದ ಅಚ್ಚುಗಳು ಕೂತಿದ್ದವು. ಅದನ್ನು ಕಂಡದ್ದೇ ತಡ, ಉಪಾಯ ಹೊಳೆಯಿತು.

"ತಕ್ಕಡೀನೂ ತಕೊಳಿ, ಬೆಲ್ಲಾನೂ ತಕೊಳಿ," ಎಂದ ಮುದ್ದಯ್ಯ. "ಆದ್ರೆ ಒಂದಚ್ಚೂ ಕಮ್ಮಿ ಆಗ್ದಂಗೆ ವಾಪಸ್ ಬರ್ಬೇಕು."

ಸಂಪತ್ ಕುಮಾರ ಮರದಡಿ ನಿಂತು ಸಾರಿದ: "ಇದು ತೂಕ ಅಲ್ರಮ್ಮ, ತುಲಾಭಾರ! ಆ ಕಡೆ ಕೂಸು, ಈ ಕಡೆ ಬೆಲ್ಲ. ಕೂಸಿನ ತೂಕ ಯಾರೂ ಬಾಯಿ ಬಿಡಲ್ಲ. ಆಮೇಲೆ ಬೆಲ್ಲಾನ ತೂಗಿ ಬರ್ಕೋತೀನಿ, ಅಷ್ಟೇ."

ಚಿಕ್ಕಮಾದಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸಿದಳು. "ಬೆಲ್ಲಕ್ಕೆ ದಿಷ್ಟಿ ಆಗಕಿಲ್ಲ. ತೂಗಿ!"

ಊರಿಗೆ ಊರೇ ನುಗ್ಗಿತು. ಕೂಸುಗಳು ಮುಗಿದ ಮೇಲೆ ಬಸುರಿ ಸೊಸೆಯರನ್ನೂ ಕರೆತಂದು ಕೂರಿಸಿದರು. ಎಲ್ಲ ಮುಗಿಯಿತು ಎನ್ನುವಾಗ ಚಿಕ್ಕಮಾದಮ್ಮ ಒಂದು ಅಚ್ಚನ್ನು ಕಲ್ಲಿಗೆ ಕುಕ್ಕಿ ಪುಡಿ ಮಾಡಿ ಮಕ್ಕಳ ಕೈಗೆ ಹಂಚತೊಡಗಿದಳು.

"ಅಯ್ಯೋ ಅಜ್ಜಿ! ಅದು ಮುದ್ದಯ್ಯಂದು!"

"ತೂಗಿದ್ ಮ್ಯಾಲೆ ದೇವ್ರುದು. ಮನೆಗೆ ವಾಪಸ್ ಓದ್ರೆ ಕೂಸ್ಗಳಿಗೆ ಆಗ್ಬರಕಿಲ್ಲ."

ಉಳಿದ ಹೆಂಗಸರೂ ಕೈಹಾಕಿದರು, ಗಳಿಗೆಯಲ್ಲಿ ಬೆಲ್ಲ ಖಾಲಿ. ಸುದ್ದಿ ಮುಟ್ಟಿ ಮುದ್ದಯ್ಯ ಕಬ್ಬಿನ ಜಲ್ಲೆ ಹಿಡಿದು ಬಂದ. "ಎಲ್ಲಯ್ಯಾ ನನ್ ಬೆಲ್ಲ?" ಅವನು ಜಲ್ಲೆ ಎತ್ತುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಬೆಲ್ಲ ಮೆತ್ತಿದ ಮಕ್ಕಳ ಮೂತಿಗಳನ್ನು ಕಂಡು ಡಾಕ್ಟರಮ್ಮನ ಮುಖ ಅರಳಿತು. "ಮಕ್ಕಳಿಗೆ ಬೆಲ್ಲ ದಾನ ಮಾಡಿದೋರು ನೀವೇನಾ?" ಎಂದು ಮುದ್ದಯ್ಯನಿಗೆ ಕೈಮುಗಿದರು.

ಮುದ್ದಯ್ಯನ ಜಲ್ಲೆ ಮೆಲ್ಲಗೆ ಕೆಳಗಿಳಿಯಿತು. "ಊಂ... ನಾನೇ ಕಣವ್ವ. ತಿಂಗ್ಳು ತಿಂಗ್ಳು ಕೊಡ್ತೀನಿ ಬುಡಿ."

ತೂಕದ ಲೆಕ್ಕ ನೋಡಿದ ಡಾಕ್ಟರಮ್ಮ ಸಂಪತ್ ಕುಮಾರನ ಬೆನ್ನು ತಟ್ಟಿದರು. ಅವನು ಕೈ ಚಾಚಿದ. ಅವರು ಆರ್ಡರು ತೆಗೆದರು, ಎರಡು ತುಂಡು ಮಾಡಿದರು.

"ನಿಮ್ಮಂಥೋರನ್ನ ಇಲ್ಲಿಂದ ಬಿಡೋಕೆ ನನಗೇನು ತಲೆಕೆಟ್ಟಿದೆಯಾ? ಪ್ರತಿ ತಿಂಗಳೂ ಹೀಗೇ ನಡೀಬೇಕು."

ಚಾಚಿದ ಕೈ ಹಾಗೇ ನಿಂತಿತು. ಚಿಕ್ಕಮಾದಮ್ಮ ಅದರಲ್ಲೊಂದು ಬೆಲ್ಲದ ಚೂರಿಟ್ಟಳು. "ಯಾಕಿಂಗೆ ಸಪ್ಪಗಾದ್ರಿ? ಎಂಡ್ರುನ್ನ ಇಲ್ಗೇ ಕರ್ಕಬನ್ನಿ, ಬಾಣಂತನ ನಾವ್ ಮಾಡ್ತೀವಿ."

ಅಷ್ಟರಲ್ಲಿ ಮಂಡ್ಯದ ಬಸ್ಸು ಬಂತು. ಕಂಡಕ್ಟರ್ ಅಕ್ರಂ ಪಾಷಾ ಫುಟ್‌ಬೋರ್ಡಿನಿಂದಲೇ ಕೂಗಿದ: "ಮುಬಾರಕ್ ಸಾರ್! ಗಂಡು ಮಗು! ನಿಮ್ಮ ಮಾವ ಸ್ಟ್ಯಾಂಡಿಗೇ ಬಂದು ಹೇಳಿ ಕಳಿಸಿದ್ರು. ತಾಯಿ, ಮಗು ಚೆನ್ನಾಗವ್ರೆ."

ಸಂಪತ್ ಕುಮಾರನ ಕಣ್ಣು ತುಂಬಿತು. ನೌಕರಿಯ ಚಾಳಿ, ಬಾಯಿಗೆ ಬಂದದ್ದು ಒಂದೇ ಮಾತು: "ತೂಕ ಎಷ್ಟಂತೆ?"

"ಅದಾ?" ಅಕ್ರಂ ಪಾಷಾ ತಲೆ ಕೆರೆದುಕೊಂಡ. "ನರ್ಸಮ್ಮ ತೂಗೋಕೆ ಬಂದ್ರೆ ನಿಮ್ಮತ್ತೆ ಮಗು ಮುಟ್ಟೋಕೇ ಬಿಡ್ಲಿಲ್ವಂತೆ. ದೃಷ್ಟಿ ಆಗುತ್ತಂತೆ ಸಾರ್."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಚಿಕ್ಕಮಾದಮ್ಮ ಮಾತ್ರ ನಗಲಿಲ್ಲ.

"ಮುದ್ದಯ್ಯ, ನೋಡ್ತಾ ನಿಂತ್ಯಲ್ಲ," ಎಂದಳು. "ಬಸ್ಸು ಮಂಡ್ಯಕ್ಕೆ ವಾಪಸ್ ಓಗೋದ್ರೊಳ್ಗೆ ಆ ತಕ್ಕಡಿಯ ಅದ್ರ ಮ್ಯಾಕೆ ಏರ್ಸು. ಇನ್ನೆರಡು ಅಚ್ಚು ಬೆಲ್ಲ ತತ್ತಾ."