ಪೂಜೆಗೆ ಕೂತ ತೆರಿಗೆ ಪುಸ್ತಕ

ಭಕ್ತಿಯೂ ಉಪ್ಪಿನ ಹಾಗೆ, ಒಂದು ಚಿಟಿಕೆ ಹೆಚ್ಚಾದರೆ ಮನೆಮಂದಿಯೆಲ್ಲ ನೀರು ಕುಡಿಯಬೇಕಾಗುತ್ತದೆ. ಇದನ್ನು ನಾನು ಒಪ್ಪಿಕೊಳ್ಳುವುದಕ್ಕೆ ಇಪ್ಪತ್ತಾರು ವರ್ಷ ಬೇಕಾಯಿತು. ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲೇ ಕಂಡುಕೊಂಡಿದ್ದರು. ಅವರು ಬಿಡದಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವರು. ಒಂದು ಶುಕ್ರವಾರ ಅವರ ಊಟದ ಡಬ್ಬಿಗೂ ಮಂಗಳಾರತಿ ಎತ್ತುತ್ತ ನಿಂತಿದ್ದೆ. ಅಷ್ಟರಲ್ಲಿ ಕಾರ್ಖಾನೆ ಬಸ್ಸು ನಮ್ಮ ಚನ್ನಪಟ್ಟಣ ದಾಟಿ ಹೋಗಿತ್ತು. "ನಿನ್ನ ದೇವರು ಒಳ್ಳೇವ್ನೇ ಕಣೆ, ನೀನೇ ಒಸಿ ಕಷ್ಟ" ಅಂದರು. ಬೈಯಲಿಲ್ಲವಲ್ಲ, ಅಷ್ಟು ಸಾಕು ಎಂದು ದೇವರಿಗೆ ಇನ್ನೊಂದು ಆರತಿ ಎತ್ತಿದೆ.

ನಮ್ಮ ಒಬ್ಬಳೇ ಮಗಳು ಮಂಜುಳ ಕಾನೂನು ಓದಿದಳು. ಕರೀ ಕೋಟು ತೊಟ್ಟು ಕೋರ್ಟಿನಲ್ಲಿ ಗುಡುಗುತ್ತಾಳೆ, ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು ಎಂದು ಆಸೆಪಟ್ಟಿದ್ದೆ. ಅವಳು ತೆರಿಗೆ ಕಾನೂನೇ ಬೇಕು ಅಂದಳು. ಬಿಡದಿ ಸುತ್ತ ದಿನಕ್ಕೊಂದು ಶೆಡ್ಡು ಏಳುತ್ತಿದ್ದ ಕಾಲ ಅದು. ಹೋದ ವರ್ಷ ಹುರುಳಿ ಬೆಳೆದ ಹೊಲದಲ್ಲಿ ಈ ವರ್ಷ ಲೇತ್ ಮಿಷನ್ನು ಕಿರುಗುಡುತ್ತಿತ್ತು. ಹಳೇ ಮಾರಾಟ ತೆರಿಗೆ ಹೋಗಿ ವ್ಯಾಟ್ ಅಂತ ಬೇರೆ ಬಂದಿತ್ತು. "ಗೊತ್ತಿಲ್ದೇ ಇರೋರು ಜಾಸ್ತಿ ಇರೋ ಕಡೆ ಗೊತ್ತಿರೋರಿಗೆ ಕೆಲಸ ಇರ್ತದೆ ಕಣಮ್ಮ" ಎನ್ನುವುದು ಅವಳ ವಾದ. ಬೈರಾಪಟ್ಟಣದಿಂದ ಹಾಲು ತರುತ್ತಿದ್ದ ಚಿಕ್ಕತಾಯಮ್ಮನಿಗೆ ಮಾತ್ರ ಈ ಓದು ಕೊನೆಯವರೆಗೂ ಅರ್ಥವಾಗಲಿಲ್ಲ. "ಅಲ್ಲ ಕಣಕ್ಕ, ಕಂದಾಯ ಕಟ್ಟಕ್ಕೂ ಓದ್ಬೇಕಾ? ನಮ್ಮನೆಯವ್ರು ಓದ್ದೇನೇ ಕಟ್ಟವ್ರೆ!" ಅನ್ನುತ್ತಿದ್ದಳು.

ಮಂಜುಳಳಿಗೆ ಕೂತು ಓದಿದರೆ ತಲೆಗೆ ಹತ್ತುವುದಿಲ್ಲ, ಗಟ್ಟಿಯಾಗಿ ಹೇಳಬೇಕು, ಕೇಳಿಸಿಕೊಳ್ಳುವವರು ಬೇಕು. ಹಾಗಾಗಿ ಎಂಟು ತಿಂಗಳು ನಾನು ಮುದ್ದೆ ತೊಳಸುತ್ತ, ಅವರೆಕಾಳು ಹಿಸುಕುತ್ತ ವ್ಯಾಟ್ ಕಾಯ್ದೆ ಕೇಳಿದೆ. ದಿನಾ ಕೇಳಿ ಕೇಳಿ ಲಲಿತಾ ಸಹಸ್ರನಾಮದ ಹಾಗೆ ಅದೂ ಬಾಯಿಗೆ ಬಂತು. ಅರ್ಥ ಎರಡರಲ್ಲೂ ಅಷ್ಟಕ್ಕಷ್ಟೆ. ಒಂದು ದಿನ ತಡೆಯಲಾರದೆ, "ಅದೇನೇ ಅದು, ಕೊಂಡಾಗ ಕೊಟ್ಟ ತೆರಿಗೆ ಮಾರುವಾಗ ಕಳೀಬೇಕು ಅಂತೀಯಲ್ಲ?" ಎಂದು ಕೇಳಿದೆ. ಅವಳು ಅರ್ಧ ಗಂಟೆ ವಿವರಿಸಿದಳು. ಕೊನೆಗೆ ನಾನು, "ಓ, ನಾನು ತೊಳೆದಿಟ್ಟ ಪಾತ್ರೆ ನೀನು ಮತ್ತೆ ತೊಳೀಬೇಕಾಗಿಲ್ಲ, ನೀನು ಎಂಜಲು ಮಾಡಿದ್ದಷ್ಟೇ ನೀನು ತೊಳಿ, ಹಂಗೆ ತಾನೆ?" ಅಂದೆ. ಅವಳು ಪುಸ್ತಕ ಮುಚ್ಚಿ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಹೋದಳು; ಪಾತ್ರೆಯನ್ನೇನೂ ತೊಳೆಯಲಿಲ್ಲ.

ರಾಮನಗರದಲ್ಲಿ ತೆರಿಗೆ ವಕೀಲರೊಬ್ಬರಿದ್ದರು. ಅವರ ಕಚೇರಿಯಲ್ಲಿ ಜೂನಿಯರಿಗೆ ಒಂದೇ ಒಂದು ಜಾಗ. ಅದು ಸಿಗದಿದ್ದರೆ ಮಗಳ ಓದನ್ನು ಬದಿಗಿಟ್ಟು ಜಾತಕ ಹೊರಗೆ ತೆಗೆಯುವುದೆಂದು ನಮ್ಮ ನಾದಿನಿ ಆಗಲೇ ತೀರ್ಮಾನಿಸಿದ್ದಳು. ವಕೀಲರೂ ದೈವಭಕ್ತರೇ. "ವಿಜಯದಶಮಿ ಒಳ್ಳೇ ದಿನ, ಬೆಳಿಗ್ಗೆ ಒಂಬತ್ತಕ್ಕೆ ಬಾಮ್ಮ, ಒಂದೆರಡು ಪ್ರಶ್ನೆ ಕೇಳಿ ನೋಡ್ತೀನಿ" ಎಂದಿದ್ದರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಸರಸ್ವತಿ ಪೂಜೆಯ ದಿನ ಮಂಜುಳ ಗೆಳತಿಯ ಮನೆಗೆ ಹೋಗಿದ್ದಾಗ ನನಗೊಂದು ಯೋಚನೆ ಬಂತು: ಇಷ್ಟು ದೊಡ್ಡ ಕೆಲಸಕ್ಕೆ ತಾಯಿಯ ಆಶೀರ್ವಾದ ಬೇಡವೆ? ಮಣೆಯ ಮೇಲೆ ಅವಳ ದಪ್ಪ ಕಾಯ್ದೆ ಪುಸ್ತಕವನ್ನು ಇಟ್ಟೆ, ಮೇಲೆ ಅವಳು ಬರೆದುಕೊಂಡಿದ್ದ ನೋಟ್ಸನ್ನೂ ಇಟ್ಟೆ, ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸಿ, ಬಾಳೆಹಣ್ಣಿನ ರಸಾಯನ ನೈವೇದ್ಯ ಮಾಡಿದೆ. ಮನೆಗೆ ಬಂದ ಮಗಳು ದೇವರ ಕೋಣೆ ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮಾ! ಡಿಕ್ಷನರಿ ಇಡ್ಬೇಕಿತ್ತು! ಓದೋ ಪುಸ್ತಕ ಇಟ್ಬುಟ್ಟಿದೀಯಲ್ಲ!"

ಪೂಜೆಗಿಟ್ಟ ಪುಸ್ತಕ ದಶಮಿಯವರೆಗೂ ಮುಟ್ಟುವಂತಿಲ್ಲ. ಪಂಚಾಂಗ ನೋಡಿದರೆ ಎತ್ತುವ ಹೊತ್ತು ದಶಮಿ ದಿನ ಹತ್ತು ಗಂಟೆಯ ಮೇಲೆ. ಇನ್ನೊಂದು ಪುಸ್ತಕ ಕೊಳ್ಳೋಣವೆಂದರೆ ಬೆಂಗಳೂರಿಗೆ ಹೋಗಬೇಕು, ಅಲ್ಲೂ ಹಬ್ಬದ ರಜೆ. "ತಗೊಂಡ್ಬುಡು ಮಗ, ಸರಸ್ವತಿಗೆ ವ್ಯಾಟ್ ಪರೀಕ್ಷೆ ಏನಿಲ್ಲ" ಎಂದರು ಯಜಮಾನರು. ಆದರೆ ಮಂಜುಳ ನನ್ನ ಮಗಳು. ಮೂರನೇ ಕ್ಲಾಸಿನಲ್ಲಿ ಪೂಜೆಗಿಟ್ಟ ಗಣಿತದ ಪುಸ್ತಕ ಎಳೆದುಕೊಂಡಿದ್ದಳು, ಮಾರನೇ ದಿನ ಜ್ವರ. ಡಾಕ್ಟರು ಐಸ್‌ಕ್ಯಾಂಡಿಯಿಂದ ಎಂದಿದ್ದರು, ನಾನು ಸರಸ್ವತಿಯ ಕೋಪ ಎಂದಿದ್ದೆ. ಅವಳು ನಂಬಿದ್ದು ನನ್ನನ್ನು. ಆಗ ಡಾಕ್ಟರನ್ನೇ ನಂಬಿದ್ದರೆ ಚೆನ್ನಾಗಿತ್ತಲ್ಲ ಎಂದು ಈಗ ನನಗೇ ಅನ್ನಿಸಿತು.

ಆ ಮೂರು ದಿನ ನಾನೇ ಪುಸ್ತಕವಾದೆ. ಅವಳು ಜಗಲಿಯಲ್ಲಿ ಓಡಾಡುತ್ತ ಹೇಳುವಳು. ತಡವರಿಸಿದಲ್ಲಿ ನಾನು ಒಬ್ಬಟ್ಟು ತಟ್ಟುತ್ತಲೇ ಎತ್ತಿಕೊಡುವೆ. "ನೋಂದಾಯಿತ ವ್ಯಾಪಾರಿ ಅಂದ್ರೆ..." ಅವಳು ಶುರು ಮಾಡಿದರೆ ನಾನು ಮುಗಿಸುವೆ. ಆದರೆ ಅವಳು ನುಂಗಿ ಹೇಳುತ್ತಿದ್ದ ಕಡೆಯೆಲ್ಲ ನನಗೂ ನುಂಗಿಯೇ ಬರುತ್ತಿತ್ತು, ಕಲಂ ನಂಬರುಗಳಂತೂ ಒಂದೂ ನೆನಪಿರಲಿಲ್ಲ. ಕೊನೆಗೆ ಅವಳು ಜಗಲಿ ಕಂಬಕ್ಕೊರಗಿ ಅತ್ತಳು. ನನಗೆ ಮೊದಲ ಸಲ ದೇವರ ಕೋಣೆಗೆ ಹೋಗಲು ಹೆದರಿಕೆಯಾಯಿತು. "ತಾಯಿ, ತಪ್ಪು ನನ್ನದು. ದಂಡ ಹಾಕೋದಾದರೆ ನನಗೆ ಹಾಕು, ಮಗುವಿಗೆ ಬೇಡ" ಎಂದು ಬಾಗಿಲ ಹೊರಗಿನಿಂದಲೇ ಕೈಮುಗಿದೆ.

ದಶಮಿ ದಿನ ಅಪ್ಪ ಮಗಳು ಬೆಳಗಿನ ರೈಲಿಗೆ ರಾಮನಗರಕ್ಕೆ ಹೋದರು. ಮಧ್ಯಾಹ್ನ ಬಂದ ಯಜಮಾನರು ಚಪ್ಪಲಿ ಬಿಡುವ ಮೊದಲೇ ನಗತೊಡಗಿದರು. ವಕೀಲರು ಕಲಂ ನಂಬರು ಕೇಳಿದ್ದಕ್ಕೆ ಮಂಜುಳ, "ಮರೆತುಹೋಗಿದೆ ಸಾರ್, ಪುಸ್ತಕ ಪೂಜೆಗೆ ಕೂತಿದೆ" ಎಂದು ನಿಜವನ್ನೇ ಹೇಳಿದಳಂತೆ. ಅಷ್ಟರಲ್ಲಿ, ಹಬ್ಬವೆಂದೂ ನೋಡದೆ, ಗೊಂಬೆ ಮಾಡುವ ಕಕ್ಷಿದಾರರೊಬ್ಬರು ಒಳಗೆ ಬಂದು, "ಮರ ಕೊಂಡಾಗ್ಲೂ ತೆರಿಗೆ, ಗೊಂಬೆ ಮಾರ್ದಾಗ್ಲೂ ತೆರಿಗೆ, ಇದೇನ್ ಸಾರ್ ಅನ್ಯಾಯ?" ಎಂದು ಕೂಗಾಡಿದರಂತೆ. ವಕೀಲರು, "ನೀನೇ ಹೇಳಮ್ಮ ಇವ್ರಿಗೆ" ಎಂದರಂತೆ. ಮಂಜುಳ ಪಾತ್ರೆ ತೊಳೆಯುವ ಕತೆ ಹೇಳಿದಳು. ಗೊಂಬೆಯವರು, "ಅಂಗಾ? ಇಷ್ಟು ದಿನ ಯಾರೂ ಇಂಗೆ ಹೇಳ್ಳೇ ಇಲ್ವಲ್ಲ!" ಎಂದು ತಣ್ಣಗೆ ಕೂತರು. "ನಂಬರು ಪುಸ್ತಕದಲ್ಲಿರ್ತದೆ, ನೋಡ್ಕೋಬೋದು. ಸೋಮವಾರದಿಂದ ಬಾ" ಎಂದರಂತೆ ವಕೀಲರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, "ನೋಡಿದ್ರಾ, ನಾನು ಪುಸ್ತಕ ಪೂಜೆಗಿಟ್ಟಿದ್ದಕ್ಕೇ ಆಗಿದ್ದು" ಅಂದೆ. ಮಂಜುಳ ಕೈಕಾಲು ತೊಳೆದು ನಮಸ್ಕಾರ ಮಾಡಿ ಪುಸ್ತಕ ಎತ್ತಿದಳು. ನೈವೇದ್ಯದ ರಸಾಯನ ತಟ್ಟೆಯಿಂದ ಪುಸ್ತಕದ ಅಂಚಿಗೆ ಹರಿದು, ನಡುವಿನ ಒಂದಷ್ಟು ಹಾಳೆ ಒಂದಕ್ಕೊಂದು ಅಂಟಿ ಹಲಗೆಯಾಗಿತ್ತು, ಇರುವೆ ಬೇರೆ. "ಅಮ್ಮಾ, ದಂಡದ ಅಧ್ಯಾಯ ಪೂರ್ತಿ ಅಂಟ್ಕೊಂಡೈತೆ ನೋಡು!" ಎಂದು ಉಗುರಿನಿಂದ ಬಿಡಿಸಹೊರಟಳು. ನಾನು ಮೆಲ್ಲಗೆ ಅವಳ ಕೈ ಹಿಡಿದೆ. "ಇವತ್ತೊಂದಿನ ಹಂಗೇ ಇರ್ಲಿ ಬಿಡೇ" ಅಂದೆ.