ಮೂರನೆಯ ಮಹಡಿಯ ಕಾಲು ವಿಭಾಗದ ವಿಚಾರವಾಗಿ

ಮಾಜಿ ಸೈನಿಕರ ಕಲ್ಯಾಣ ಖಾತೆಯ ಘನ ಸಚಿವರ ಸನ್ನಿಧಿಗೆ,

ಮಾನ್ಯರೇ,

ಸಮಸ್ತ ನಾಗರಿಕರೂ ಕೈಲಿದ್ದ ಕೆಲಸ ಬಿಟ್ಟು ಕೇಳಬೇಕಾದ ಸುದ್ದಿಯೊಂದಿದೆ: ಮಾಜಿ ಸೈನಿಕರ ಆಸ್ಪತ್ರೆಯ ಲಿಫ್ಟಿನ ಬಾಗಿಲಿಗೆ ಹೊಸ ಬೋರ್ಡು ಬಂದಿದೆ. ಆರು ವರ್ಷದಿಂದ ನೇತಾಡುತ್ತಿದ್ದ ‘ಕೆಟ್ಟಿದೆ’ ಎಂಬ ರಟ್ಟನ್ನು ತೆಗೆಸಿ, ‘ದುರಸ್ತಿ ಪರಿಶೀಲನೆಯಲ್ಲಿದೆ’ ಎಂದು ಕೆತ್ತಿದ ಹಿತ್ತಾಳೆ ಫಲಕವನ್ನು ತಾವೇ ಖುದ್ದಾಗಿ ಪರದೆ ಸರಿಸಿ ಅನಾವರಣಗೊಳಿಸಿದಿರಿ. ರಟ್ಟಾದರೆ ಎಂದಾದರೂ ಹರಿದು ಬೀಳುತ್ತಿತ್ತು. ಹಿತ್ತಾಳೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿರುತ್ತದೆ. ಇಂಥ ದೂರದೃಷ್ಟಿಗೆ ನನ್ನ ದೊಡ್ಡ ನಮಸ್ಕಾರ.

ಆ ಸಮಾರಂಭದ ಮೊದಲ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದವನು ನನ್ನ ಅಣ್ಣ. ಬ್ಯಾರಕ್ಕಿನ ಸೂರು ಸೋರಿದಾಗ ಅದೂ ತರಬೇತಿಯ ಭಾಗವೆಂದು ನಂಬಿ ನೆನೆದ ಹಾಸಿಗೆಯಲ್ಲೇ ಮಲಗುತ್ತಿದ್ದ ಸಾಧು ಪ್ರಾಣಿ. ಗಡಿಯಲ್ಲಿ ನೆಲಬಾಂಬು ಅವನ ಎಡಗಾಲನ್ನು ಮೊಣಕಾಲಿನವರೆಗೆ ಕಿತ್ತುಕೊಂಡಿತು. ಹನ್ನೊಂದು ವರ್ಷ ದುಡಿದ ಕೃತಕ ಕಾಲು ಕಳೆದ ತಿಂಗಳು ಸೀಳಿತು. ಹೊಸದಕ್ಕೆ ಅಳತೆ ತೆಗೆಯುವ ವಿಭಾಗವನ್ನು ತಮ್ಮ ಇಲಾಖೆ ಮೂರನೆಯ ಮಹಡಿಯಲ್ಲಿಟ್ಟು, ನೆಲಮಹಡಿಯನ್ನು ಸನ್ಮಾನ ಸಭಾಂಗಣಕ್ಕೆ ಬಿಟ್ಟುಕೊಟ್ಟಿದೆ. ಸನ್ಮಾನ ಮಾಡುವವರಿಗೆ ಎರಡೂ ಕಾಲು ಇರುತ್ತವೆ, ಅವು ದಣಿಯಬಾರದಲ್ಲ.

ಅಳತೆ ತೆಗೆಯುವ ಕೆಲಸಗಾರ ಒಳ್ಳೆಯವನು, ಅಚ್ಚು ತೆಗೆಯುವ ಪ್ಲಾಸ್ಟರಿನ ಬಕೆಟ್ಟು ಹಿಡಿದು ತಾನೇ ಇಳಿದು ಬರುತ್ತೇನೆಂದ. ಆದರೆ ಬಕೆಟ್ಟು ವಿಭಾಗದ ಹೊಸ್ತಿಲು ದಾಟಕೂಡದೆಂಬ ನಿಯಮವಿದೆಯಂತೆ. ತಿಂಗಳ ಕೊನೆಯೊಳಗೆ ಖುದ್ದಾಗಿ ಮೇಲೆ ಹಾಜರಾಗದವರಿಗೆ ಕಾಲಿನ ಅಗತ್ಯವಿಲ್ಲವೆಂದು ಭಾವಿಸಿ ಹೆಸರನ್ನು ಪಟ್ಟಿಯ ಬುಡಕ್ಕೆ ಹಾಕಲಾಗುವುದೆಂದೂ, ಮುಂದಿನ ಸರದಿ ಎರಡು ವರ್ಷದ ಮೇಲೆಂದೂ ಗುಮಾಸ್ತರು ಬಹಳ ವಿನಯದಿಂದ ತಿಳಿಸಿದರು.

ಲಿಫ್ಟಿಗೆ ಅನುದಾನ ಕೊಡಬೇಕಾದವರು ಯಾರೆಂದು ವಿಚಾರಿಸಿದೆ. ಕಾಲು ಹೋದದ್ದು ಹಿಂದಿನ ಸರ್ಕಾರದ ಅವಧಿಯಲ್ಲಾದ್ದರಿಂದ ಹೊಣೆ ಅವರದೆಂದು ತಾವು ಮೈಕಿನಲ್ಲಿ ಅಪ್ಪಣೆ ಕೊಡಿಸಿದಿರಿ. ಹಿಂದಿನ ಸಚಿವರು, ಕೃತಕ ಕಾಲು ಸೀಳಿದ್ದು ಈಗಿನವರ ಅವಧಿಯಲ್ಲಿ ಎಂದರು. ಚುನಾವಣೆಯ ದಿನಾಂಕ ನೋಡಿಕೊಳ್ಳದೆ ಗಾಯಗೊಂಡದ್ದು ಅಣ್ಣನದೇ ತಪ್ಪು, ಅವನ ಪರವಾಗಿ ಕ್ಷಮೆ ಕೋರುತ್ತೇನೆ.

ಆದ್ದರಿಂದ ಲಿಫ್ಟನ್ನು ರಿಪೇರಿ ಮಾಡಿಸಿರೆಂಬ ದುರಾಸೆಯ ಮಾತು ಆಡುವುದಿಲ್ಲ. ಕಟ್ಟಡವನ್ನೇ ಮೂರು ಮಹಡಿಯಷ್ಟು ನೆಲದೊಳಗೆ ಇಳಿಸಿಬಿಡಿ. ತಮ್ಮ ಖಾತೆಯ ಅನುದಾನ ಇಳಿದಷ್ಟೇ ಸಲೀಸಾಗಿ ಇಳಿದೀತು. ಅದು ಕಷ್ಟವೆನಿಸಿದರೆ ಶತ್ರುದೇಶಕ್ಕೊಂದು ಸುತ್ತೋಲೆ ಕಳಿಸಿ, ಇನ್ನು ಮುಂದೆ ನಮ್ಮವರ ಕೈಗಳಿಗೆ ಮಾತ್ರ ಗುರಿಯಿಡಬೇಕೆಂದು ಕೋರಿ. ಕೈ ಕಳೆದುಕೊಂಡವರು ಮೆಟ್ಟಿಲು ಹತ್ತಬಲ್ಲರು.

ಕಳೆದ ಗುರುವಾರ ಅಣ್ಣ ಯಾರಿಗೂ ಹೇಳದೆ ಒಬ್ಬನೇ ಹೊರಟ. ಮೆಟ್ಟಿಲಿಗೆ ಬೆನ್ನು ಹಾಕಿ ಕೂತು, ಅಂಗೈ ಊರಿ ಒಂದೊಂದೇ ಮೆಟ್ಟಿಲು ಮೇಲೇರಿ, ಹತ್ತೊಂಬತ್ತನೆಯದರಲ್ಲಿ ಮೊಂಡುಕಾಲಿನಿಂದ ರಕ್ತ ಬಂದು ನಿಂತ. ಒಟ್ಟು ಅರವತ್ತಾರಿವೆ. ಸುದ್ದಿ ಕೇಳಿ ಓಡಿದ ನಾನು ಅವನನ್ನು ಮನೆಗೆ ಕರೆತಂದು ಬಟ್ಟೆ ಕಟ್ಟುವಾಗ ಹೇಳಿದ: “ಗುಡ್ಡ ಹತ್ತುವಾಗ ಮೇಲೆ ಶತ್ರು ಇದ್ದ ಕಣೋ, ಕಣ್ಣಿಗೆ ಕಾಣ್ತಿದ್ದ. ಇಲ್ಲಿ ಮೇಲೆ ಯಾರಿದಾರೆ ಅಂತಾನೇ ಗೊತ್ತಾಗಲ್ಲ.”

ನನಗೂ ಗೊತ್ತಾಗದ್ದರಿಂದ ಈ ಪತ್ರ ತಮಗೆ.

ಎರಡೂ ಕಾಲಿದ್ದು ತಮ್ಮ ಇಲಾಖೆಗೆ ಯಾವ ತೊಂದರೆಯನ್ನೂ ಕೊಡದ,
ತಮ್ಮ ವಿಶ್ವಾಸಿ,
ಅವನ ತಮ್ಮ

ತಾ.ಕ.: ಇದು ಸಚಿವರಿಗಲ್ಲ, ಪತ್ರಿಕೆಯ ಓದುಗರಿಗೆ. ಬರುವ ಗುರುವಾರವೇ ಈ ತಿಂಗಳ ಕೊನೆಯ ಅಳತೆ. ಅಣ್ಣನನ್ನು ಕೂತ ಕುರ್ಚಿಯ ಸಮೇತ ಮೇಲೆತ್ತಲು ಭುಜ ಗಟ್ಟಿಯಿರುವ ಮೂವರು ಬೇಕು, ನಾಲ್ಕನೆಯವನು ನಾನು. ಕುರ್ಚಿಯನ್ನು ಬಿಗಿಯಾಗಿ ಹಿಡಿಯುವುದರಲ್ಲಿ ಸಚಿವರನ್ನು ಮೀರಿಸಿದವರಿಲ್ಲ, ಆದರೆ ಅವರಿಗೆ ಅಂದು ಬೇರೆ ಅನಾವರಣವಿದೆಯಂತೆ. ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಹಿಂಬದಿಯ ಗೇಟಿನ ಹತ್ತಿರ ಬನ್ನಿ. ಎರಡನೆಯ ಮಹಡಿಯ ತಿರುವಿನಲ್ಲಿ ಮೆಟ್ಟಿಲು ಸವೆದಿದೆ. ದಯವಿಟ್ಟು ಜಾರದ ಚಪ್ಪಲಿ ಹಾಕಿಕೊಂಡಿರಿ.